ಹೆಡ್‌ಲೈಟಿಗೆ ಕಾಡಿಗೆ

ನಮ್ಮ ಪಕ್ಕದ ಮನೆಯ ಲೋಕೇಶನಿಗೆ ಹೋದ ತಿಂಗಳೆಲ್ಲ ಒಂದೇ ಚಿಂತೆ. ಕಾರು ಹೊಸದು, ಬಣ್ಣ ಬಿಳಿ, ಕಂತು ಕಟ್ಟುವವಳು ಹೆಂಡತಿ, ಎಲ್ಲ ಸರಿಯಾಗಿಯೇ ಇತ್ತು. ಆದರೆ ಹೆಡ್‌ಲೈಟುಗಳು ಮಾತ್ರ ತೀರಾ ಸಾದಾ ಕಾಣುತ್ತವಂತೆ. ಮೊನ್ನೆ ಭಾನುವಾರ ದಾವಣಗೆರೆಗೆ ಹೋಗಿ ಅವಕ್ಕೆ ಹೊಗೆಗಪ್ಪು ಹಾಳೆ ಅಂಟಿಸಿಕೊಂಡು ಬಂದ. ಬಂದವನೇ ಹಾರ್ನ್ ಹೊಡೆದು ನನ್ನನ್ನು ಕರೆದ. ನಾನು ಮಾಳಿಗೆಯ ಮೇಲೆ ಸಂಡಿಗೆ ಮಗುಚುತ್ತಿದ್ದವಳು ಕೈಯೊರೆಸಿಕೊಳ್ಳುತ್ತ ಇಳಿದು ಬಂದೆ.

“ಹೆಂಗೈತ್ರಿ ಆಂಟಿ? ಖಡಕ್ ಕಾಣ್ತೈತಿ ಅಲ್ಲ?”

ನಾನು ಕಾರಿನ ಮುಂದೆ ನಿಂತು ಎರಡೂ ಲೈಟುಗಳನ್ನು ಬಗ್ಗಿ ನೋಡಿದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದವರು ಬಹಳ ವರ್ಷಗಳಿಂದ ಯಾರೂ ಇರಲಿಲ್ಲ. ಸಿಕ್ಕ ಅವಕಾಶ ಬಿಡಬಾರದೆಂದು, “ಚಲೋ ಐತಪ್ಪ. ಆದ್ರ ಪೂರ್ತಿ ಯಾಕ ಹಚ್ಚಿಸಿದಿ? ಮ್ಯಾಲಿನ ಅರ್ಧಕ್ಕ ಅಷ್ಟ ಹಚ್ಚಬೇಕು,” ಅಂದೆ.

ಲೋಕೇಶ ನಕ್ಕ. “ಇದು ಸ್ಟೈಲ್ ರೀ ಆಂಟಿ. ನಿಮಗ ಗೊತ್ತಾಗಂಗಿಲ್ಲ.”

ಇದೊಂದು ಮಾತು ನನಗೆ ತಡೆಯಲಾಗಲಿಲ್ಲ. ನನಗೆ ಗೊತ್ತಾಗದ ವಿಷಯಗಳು ನೂರೆಂಟಿವೆ, ಮೊಬೈಲಿನಲ್ಲಿ ದುಡ್ಡು ಕಳಿಸುವುದರಿಂದ ಹಿಡಿದು. ಆದರೆ ಹೆಡ್‌ಲೈಟು ಕಪ್ಪು ಮಾಡುವ ವಿದ್ಯೆ ನಮ್ಮ ಮನೆತನದ್ದು. ನಮ್ಮಪ್ಪ ಕೊಟ್ರಪ್ಪ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಗರಿಬೊಮ್ಮನಹಳ್ಳಿಯ ಅರ್ಧದಷ್ಟು ಗಾಡಿಗಳಿಗೆ ಈ ಸ್ಟೈಲನ್ನು ತನ್ನ ಕೈಯಾರೆ, ಪುಕ್ಕಟೆಯಾಗಿ ಮಾಡಿಕೊಟ್ಟಿದ್ದ. ಜನ ಅವನನ್ನು ಕಾಡಿಗೆ ಕೊಟ್ರಪ್ಪ ಎಂದೇ ಕರೆಯುತ್ತಿದ್ದರು. ಇದನ್ನೆಲ್ಲ ಬಿಸಿಲಲ್ಲಿ ನಿಂತು ಲೋಕೇಶನಿಗೆ ಹೇಳುವುದಕ್ಕಾಗಲಿಲ್ಲ, ಸಂಡಿಗೆ ಕಾಗೆಯ ಪಾಲಾಗುತ್ತಿತ್ತು. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಅಪ್ಪನದು ಒಂದು ಅಂಬಾಸಿಡರ್ ಟ್ಯಾಕ್ಸಿ. ನಾವು ಅದರ ಬಣ್ಣ ಹಾಲಿನ ಕೆನೆಯದು ಎನ್ನುತ್ತಿದ್ದೆವು, ಊರವರು ಚಹಾದ ಬಣ್ಣ ಎನ್ನುತ್ತಿದ್ದರು. ಬಸ್‌ಸ್ಟ್ಯಾಂಡಿನ ಹೊರಗಿನ ಬೇವಿನ ಮರದ ಬುಡವೇ ಅದರ ಮನೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹೀಗೆ ದಿನಾ ಒಂದು ದಿಕ್ಕಿಗೆ ಹೊರಡುವುದು. ಶೇಂಗಾ ಮಂಡಿಯ ಸಾಹುಕಾರರು, ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಕ್ಕಳು, ಜಡ್ಡಿನವರು, ಇವರೆಲ್ಲ ಅದರ ಗಿರಾಕಿಗಳು. ಹಡಗಲಿಯ ಮಲ್ಲಿಗೆ ಬುಟ್ಟಿಗಳು ಬಂದ ದಿನವಂತೂ ಕಾರು ಎರಡು ದಿನ ಘಮಘಮ ಎನ್ನುತ್ತಿತ್ತು. ಆ ಎರಡು ದಿನ ನಾನು ಯಾವ ಕೆಲಸವೂ ಇಲ್ಲದೆ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದೆ.

ನನಗೆ ನಾಲ್ಕು ವರ್ಷವಿದ್ದಾಗ ಅವ್ವ ತೀರಿಹೋಗಿದ್ದಳು. ಮನೆಯಲ್ಲಿ ನಾನು, ಅಪ್ಪ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ. ಅಜ್ಜಿಯ ಲೆಕ್ಕದಲ್ಲಿ ಕಾರು ನಾಲ್ಕನೆಯವಳು. ಅಮಾವಾಸ್ಯೆಗೆ ಅದಕ್ಕೂ ಎಣ್ಣೆ ನೀವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು.

ಆಗ ಗಾಡಿಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುವ ರೂಢಿ ಇತ್ತು. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬೇಕು. ಅಪ್ಪ ಅದನ್ನು ಹೀಗೆ ವಿವರಿಸುತ್ತಿದ್ದ: “ಕೆಳಗಿನ ಬೆಳಕು ನಮ್ಮ ದಾರಿಗೆ, ಮ್ಯಾಲಿನ ಬೆಳಕು ಎದುರಿನವನ ಕಣ್ಣಿಗೆ. ನಮ್ಮದು ನಮಗಿರ್ಲಿ, ಅವನ ಕಣ್ಣಿಗೆ ಯಾಕ ಚುಚ್ಚೂದು?” ಎಲ್ಲರೂ ಹೇಗೋ ಬಳಿದು ಮುಗಿಸುತ್ತಿದ್ದರೆ ಅಪ್ಪನಿಗೆ ಅದೊಂದು ಪೂಜೆ. ಮೊದಲು ಹುಣಸೆಹುಳಿಯಿಂದ ಲೈಟಿನ ಸುತ್ತಲ ಬೆಳ್ಳಿ ಬಣ್ಣದ ಬಳೆ ತಿಕ್ಕುವುದು. ಆಮೇಲೆ ಹಳೇ ಪೇಪರಿನಿಂದ ಗಾಜು ಒರೆಸುವುದು. ಆಮೇಲೆ ಬೀಡಿ ಆರಿಸಿ, ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿ, ಉಸಿರು ಹಿಡಿದು, ಗಾಜಿನ ನಟ್ಟನಡುವೆ ಎಡದಿಂದ ಬಲಕ್ಕೆ ಒಂದೇ ಎಳೆತ. ಪಟ್ಟಿ ಇಲ್ಲ, ದಾರ ಇಲ್ಲ. ಆ ಗೆರೆ ಕೂರಿಗೆ ಸಾಲಿನ ಹಾಗೆ ನೆಟ್ಟಗೆ ಬರುತ್ತಿತ್ತು. ಅದು ಮುಗಿಯುವ ತನಕ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಅಜ್ಜಿಗೆ ಕೆಮ್ಮು ಬಂದರೆ ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು.

ಇದನ್ನೆಲ್ಲ ನೋಡಿ ನನಗೂ ಕೈ ತುರಿಸಿತು. ಎಂಟೋ ಒಂಬತ್ತೋ ವರ್ಷದವಳಿದ್ದೆ. ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಕಂದೀಲಿನ ಗಾಜು ತೆಗೆದು, ಉಸಿರು ಹಿಡಿದು, ಅದರ ಮೇಲರ್ಧಕ್ಕೆ ಕಪ್ಪು ಬಳಿದಿಟ್ಟೆ. ಅಜ್ಜಿಯ ಕಣ್ಣಿಗೆ ಚುಚ್ಚಬಾರದಲ್ಲ! ಸಂಜೆ ಕಂದೀಲು ಹಚ್ಚಿದ ಸ್ವಲ್ಪ ಹೊತ್ತಿಗೆ ಬಣ್ಣ ಸುಟ್ಟು ಮನೆ ತುಂಬ ನಾತ, ಆಮೇಲೆ ಗಾಜು ಚಟ್ಟೆಂದಿತು. ಅಜ್ಜಿ ಕಸಬರಿಗೆ ಹಿಡಿದು ನನ್ನನ್ನು ಓಣಿ ದಾಟಿಸಿದಳು. ಅಪ್ಪ ಬಂದವನು ಒಡೆದ ಚೂರುಗಳನ್ನು ಜೋಡಿಸಿ ನೋಡಿ, “ಬೈಬ್ಯಾಡಬೇ, ಗೆರಿ ಚಲೋ ಎಳದಾಳ,” ಅಂದ. ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಸಿಕ್ಕದ್ದು ಇಷ್ಟು ಚೆನ್ನಾಗಿರಲಿಲ್ಲ.

ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಹೊತ್ತಿಗೆ ಅಪ್ಪನ ಈ ಪೂಜೆ ಮನೆಯ ಅಂಗಳ ಬಿಟ್ಟು ಊರಿಗೆ ಹಬ್ಬಿತು. ಡಬ್ಬಿ, ಬ್ರಷ್ಷು ಯಾವಾಗಲೂ ಅವನ ಸೀಟಿನ ಕೆಳಗೇ ಇರತೊಡಗಿದವು. ಬಣ್ಣ ಉದುರಿದ ಹೆಡ್‌ಲೈಟಿನ ಗಾಡಿ ಯಾವುದಾದರೂ ಚಹಾದಂಗಡಿಯ ಮುಂದೆ ನಿಂತಿತೋ, ಅದರ ಡ್ರೈವರ್ ಚಹಾ ಆರಿಸಿ ಕುಡಿಯುವುದರೊಳಗೆ ಅಪ್ಪ ಅದಕ್ಕೆ ಬಳಿದು ಮುಗಿಸಿರುತ್ತಿದ್ದ. ಕೆಲವರು ಕೈಮುಗಿದು ಹೋಗುತ್ತಿದ್ದರು, ಕೆಲವರು ಜಗಳಕ್ಕೆ ಬರುತ್ತಿದ್ದರು. ಕೊಟ್ಟೂರಿನ ಲಾರಿ ಡ್ರೈವರ್ ರಹೀಮ್‌ಸಾಬರು ಎರಡನೆಯ ಜಾತಿ.

“ಏ ಕೊಟ್ರಪ್ಪಣ್ಣ, ನನ್ನ ಲಾರಿ ಏನ್ ಮದುವಿ ಹೆಣ್ಣೇನೋ, ಕಾಡಿಗಿ ಹಚ್ಚಾಕ?”

“ನಿಮ್ಮ ಲಾರಿ ಎದುರಿಗೆ ಬಂದ್ರ ಹಗಲು ಹುಟ್ಟಿದಂಗ ಆಗ್ತೈತ್ರಿ ಸಾಬ್ರ. ಸುಮ್ನ ಚಾ ಕುಡೀರಿ.”

“ನನಗ ದಾರಿ ಕಾಣಬ್ಯಾಡೇನು?”

“ನಿಮಗ ಅರ್ಧ ಸಾಕು. ಇನ್ನರ್ಧ ದಾರಿ ನಿಮ್ಮ ಗಾಡಿಗೇ ಗೊತ್ತೈತಿ.”

ರಹೀಮ್‌ಸಾಬರು ಬೈಯುತ್ತ ಬೈಯುತ್ತ ಅಪ್ಪನ ಜೀವದ ಗೆಳೆಯರಾಗಿಬಿಟ್ಟರು. ಊರಲ್ಲಿ ಅಪ್ಪನ ಹೆಸರೂ ಬೆಳೆಯಿತು. ಹೈಸ್ಕೂಲಿನ ಹೆಡ್‌ಮಾಸ್ತರರು ಮಕ್ಕಳ ಮುಂದೆ ಅವನ ಸಮಾಜಸೇವೆಯನ್ನು ಹೊಗಳಿದರು. ನಾನಂತೂ ಎಂಥಾ ಅಪ್ಪನ ಮಗಳು ಎಂದು ತಲೆ ಎತ್ತಿಕೊಂಡು ಸಂತೆಗೆ ಹೋಗುತ್ತಿದ್ದೆ. ಪರರ ಕಣ್ಣಿನ ಬಗ್ಗೆ ಇಷ್ಟು ಕಾಳಜಿ ಯಾಕೆ ಬಂತು ಎಂದು ಕೇಳಬೇಕೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಒಂದು ಬೆಳಗ್ಗೆ, ಅಂಗಳಕ್ಕೆ ನೀರು ಹಾಕುವಾಗ. ನಮ್ಮ ಕಾರಿಗೆ ಅಪ್ಪ ಹಿಂದಿನ ದಿನ ಹೊಸದಾಗಿ ಬಳಿದಿದ್ದ. ಬಲಗಡೆ ಲೈಟಿನ ಗೆರೆ ಒಂದು ತುದಿಗೆ ಇಳಿದು, ಬಣ್ಣ ಬೆಳ್ಳಿ ಬಳೆಯ ಮೇಲೂ ಹತ್ತಿತ್ತು. ಅಪ್ಪನ ಗೆರೆ ಸೊಟ್ಟ! ನಾನು ಕೊಡ ಕೆಳಗಿಟ್ಟು ನೋಡುತ್ತ ನಿಂತೆ. ಕೇಳಿದ್ದಕ್ಕೆ, “ಬ್ರಷ್ಷಿನ ಕೂದಲು ಉದುರ್‍ಯಾವು,” ಅಂದ. ಬ್ರಷ್ಷು ಹೊಸದಿತ್ತು.

ಅದಾದ ಮೇಲೆ ಒಂದೊಂದಾಗಿ ಕಣ್ಣಿಗೆ ಬೀಳತೊಡಗಿತು. ಅಪ್ಪ ಸಂಜೆಯ ಬಾಡಿಗೆ ಒಪ್ಪುತ್ತಿರಲಿಲ್ಲ. ಒಮ್ಮೆ ಮೊಣಕಾಲು ನೋವು ಎನ್ನುವುದು, ಒಮ್ಮೆ ಇಂಜಿನ್ ಕಾಯುತ್ತದೆ ಎನ್ನುವುದು. ಚಹಾ ಕೊಟ್ಟರೆ ಲೋಟದ ಪಕ್ಕದ ಗಾಳಿಯನ್ನು ಹಿಡಿಯುವುದು. ಒಂದು ಸಲ ಗುಡೇಕೋಟೆಗೆ ನಂಟರನ್ನು ಬಿಟ್ಟು ಬರಲು ನಾನೂ ಜೊತೆಗೆ ಹೋಗಿದ್ದೆ. ವಾಪಸು ಬರುವಾಗ ಇಳಿಬಿಸಿಲು ಕಣ್ಣಿಗೆ ನೇರ ಹೊಡೆಯುತ್ತಿತ್ತು. ಅಪ್ಪ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯತೊಡಗಿದ. ಹೊಡೆದ, ಹೊಡೆದ, ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

“ಯಾರವಲೇ ಈ ಎಮ್ಮಿ? ದಾರಿ ಬಿಡವಲ್ಲವು!”

ಎದುರಿಗೆ ಇದ್ದದ್ದು ರಸ್ತೆ ರಿಪೇರಿಗೆಂದು ಸುರಿದ ಜಲ್ಲಿ ರಾಶಿ.

ನನಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪ ನಗಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿಗೆ ನೋಡುತ್ತ ಕೂತಿದ್ದ. ನಾನು ನಗು ನಿಲ್ಲಿಸಿ ಅವನ ಕಡೆ ತಿರುಗಿದೆ.

“ಅಪ್ಪಾ, ಎಷ್ಟು ದಿನ ಆತು?”

“ಎರಡು ವರ್ಷ ಆಗಿರಬೇಕವ್ವ. ಹಗಲು ಮಂಜು ಕವಿದಂಗ ಇರ್ತೈತಿ, ಹೆಂಗೋ ಸಾಗ್ತೈತಿ. ಸಂಜಿ ಆತಂದ್ರ ಎದುರಿನ ಗಾಡಿ ಬೆಳಕು ಬಿದ್ದಕೂಡ್ಲೆ ಎಲ್ಲಾ ಬೆಳ್ಳಗ ಆಗಿಬಿಡ್ತೈತಿ. ಹಾಲು ಚೆಲ್ಲಿದಂಗ.”

ಕಂಡವರ ಲಾರಿಗೆಲ್ಲ ಅಪ್ಪ ಯಾಕೆ ಕಪ್ಪು ಬಳಿಯುತ್ತಿದ್ದ ಎಂಬುದು ನನಗೆ ಆಗ ತಿಳಿಯಿತು. ತನ್ನ ಕಣ್ಣಿನ ಪೊರೆಗೆ ಮದ್ದು ಮಾಡಿಸಿಕೊಳ್ಳುವುದು ಬಿಟ್ಟು ಊರಿನ ಬೆಳಕನ್ನೇ ಅರ್ಧ ಮಾಡಲು ಹೊರಟಿದ್ದ ಪುಣ್ಯಾತ್ಮ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಮರುಕ ಬಂತು.

“ನಾಳೆನೇ ಡಾಕ್ಟರ ಹತ್ರ ಹೋಗೋಣು ನಡಿ,” ಅಂದೆ.

“ನಿನ್ನ ಮದುವಿ ಮುಗೀಲಿ. ಅಲ್ಲೀತನ ಯಾರ ಮುಂದೂ ಉಸುರು ಬಿಡಬ್ಯಾಡ. ಅಪ್ಪಗ ಕಣ್ಣಿಲ್ಲ ಅಂದ್ರ ಮಗಳ ಕಣ್ಣೂ ಹಿಂಗ ಹೋಗ್ತಾವೇನೋ ಅಂತಾರ. ಬಂದ ಸಂಬಂಧ ತಿರುಗಿ ಹೋಗ್ತೈತಿ.”

ನನಗೆ ಆಗಷ್ಟೇ ಹರಪನಹಳ್ಳಿಯ ಕಡೆಯ ಸಂಬಂಧ ಗಟ್ಟಿಯಾಗಿತ್ತು. ಹುಡುಗ ಪ್ರೈಮರಿ ಸಾಲಿ ಮಾಸ್ತರ. ಹುಡುಗನ ತಾಯಿ ಹಾಲಮ್ಮ ಮಹಾ ಜೋರಿನ ಹೆಂಗಸು, ಸೂಜಿ ಬಿದ್ದರೂ ಎಲ್ಲಿ ಬಿತ್ತೆಂದು ಹೇಳುತ್ತಾಳೆ ಎಂದು ನಡುವಿನವರು ಹೆದರಿಸಿದ್ದರು. ನನ್ನನ್ನು ನೋಡಲು ಬಂದಾಗ ಒಂದು ಗಳಿಗೆ ನನ್ನ ಮುಖದ ಹತ್ತಿರ ಮುಖ ತಂದು ದಿಟ್ಟಿಸಿದ್ದಳು. ನಾನು ಹೆದರಿ ಹಿಂದೆ ಸರಿದಿದ್ದೆ. ಅಂಥವಳಿಗೆ ಅಪ್ಪನ ಕಣ್ಣಿನ ಸಂಗತಿ ತಿಳಿದರೆ ಮುಗಿಯಿತು. ಅದಕ್ಕೇ ಬಾಯಿ ಮುಚ್ಚಿಕೊಂಡೆ.

ಆದರೆ ಅಪ್ಪ ಇನ್ನೊಂದು ಹಟ ಹಿಡಿದ. ಮದುವೆ ಗಂಡಿನ ಊರಲ್ಲಿ. ಹಿಂದಿನ ದಿನ ಹೆಣ್ಣಿನ ದಿಬ್ಬಣ ಹೊರಡಬೇಕು. ಬಂಧು-ಬಳಗ, ಪಾತ್ರೆ-ಪಡಗ ಎಲ್ಲ ರಹೀಮ್‌ಸಾಬರ ಲಾರಿಯಲ್ಲಿ. ನಾನು ಮತ್ತು ಮನೆಯ ಹೆಂಗಸರು ಮಾತ್ರ ನಮ್ಮ ಕಾರಿನಲ್ಲಿ, ಅದನ್ನು ಓಡಿಸುವವನು ಅಪ್ಪನೇ. “ಮಂದಿ ಮಕ್ಕಳನ್ನೆಲ್ಲ ಗಂಡನ ಮನಿಗೆ ಬಿಟ್ಟು ಬಂದೀನಿ. ನನ್ನ ಮಗಳನ್ನ ಇನ್ನೊಬ್ಬ ಬಿಟ್ಟು ಬರ್ತಾನೇನು?” ಅಂದ. ಹೆಂಡತಿ ಇಲ್ಲದವನು ಧಾರೆ ಎರೆಯುವಂತಿಲ್ಲ, ಅದನ್ನು ಚಿಕ್ಕಪ್ಪ-ಚಿಕ್ಕಮ್ಮ ಮಾಡುವುದೆಂದು ಆಗಿತ್ತು. ಅಪ್ಪನ ಪಾಲಿಗೆ ಉಳಿದದ್ದು ಈ ದಾರಿಯೊಂದೇ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಆಗ ಇಪ್ಪತ್ತು ವರ್ಷ, ಬುದ್ಧಿಯ ಮೇಲೆ ಕಾರಿನ ಲೈಟಿನ ಹಾಗೆ ಅರ್ಧ ಕಪ್ಪು.

ಇಬ್ಬರೂ ಸೇರಿ ಒಂದು ಉಪಾಯ ಮಾಡಿದೆವು. ನಾನು ಮುಂದಿನ ಸೀಟಿನಲ್ಲಿ ಕೂರುವುದು. ಕೈ ತುಂಬ ಹಸಿರು ಬಳೆ ಹೇಗೂ ಇರುತ್ತವೆ. ಎಡಗೈ ಬಳೆ ಕಿಟಕಿಯ ಕಡೆ ಅಲ್ಲಾಡಿಸಿದರೆ ಗಾಡಿ ಎಡಕ್ಕೆ, ಬಲಗೈಯದು ಅಪ್ಪನ ಕಿವಿಯ ಹತ್ತಿರ ಆದರೆ ಬಲಕ್ಕೆ. ಎರಡೂ ಕೈ ಗಲಗಲ ಅಂದರೆ ನಿಲ್ಲಿಸು. ಹೊರಡುವ ಹಿಂದಿನ ದಿನ ಅಂಗಳದಲ್ಲಿ ನಿಂತ ಕಾರಿನಲ್ಲೇ ಕೂತು ಎರಡು ಸಲ ಅಭ್ಯಾಸವನ್ನೂ ಮಾಡಿದೆವು.

ಹೊರಡುವ ದಿನ ಇನ್ನೊಂದು ಎಡವಟ್ಟಾಯಿತು. ಮದುವೆ ಕಾರಿನ ಹೆಡ್‌ಲೈಟಿಗೆ ಹೊಸ ಕಪ್ಪು ಬೇಕೆಂದು ಅಪ್ಪ ಹಳೆಯದನ್ನೆಲ್ಲ ಕೆರೆದು ತೆಗೆದಿದ್ದ. ಆಮೇಲೆ ಡಬ್ಬಿ ತೆರೆದರೆ ಬಣ್ಣ ಒಣಗಿ ಕಲ್ಲಾಗಿತ್ತು. ಅಂದು ಅಂಗಡಿಗೆ ರಜೆ. ಬಳಿಯದೆ ಹೊರಡುವುದಿಲ್ಲ ಎಂದು ಅಪ್ಪ ಕೂತ. ಆಗ ಅಜ್ಜಿ ಒಳಗಿಂದ ಒಂದು ಹಿತ್ತಾಳೆ ಕರಡಿಗೆ ತಂದಳು. ಹರಳೆಣ್ಣೆ ದೀಪದ ಮಸಿ ಹಿಡಿದು, ಹರಳೆಣ್ಣೆಯಲ್ಲೇ ಕಲಸಿ, ನನ್ನ ಮದುವೆಗೆಂದು ಹದಿನೈದು ದಿನದಿಂದ ಮಾಡಿಟ್ಟಿದ್ದ ಕಾಡಿಗೆ.

“ಇದಕ್ಕಿಂತ ಕಪ್ಪು ಯಾವ ಅಂಗಡ್ಯಾಗ ಸಿಗ್ತೈತೋ? ಹುಡುಗಿಗೆ ಹಚ್ಚಿ ಉಳಿದದ್ದು ಐತಿ, ಕಾರಿಗೆ ಹಚ್ಚು.”

ಅಪ್ಪನಿಗೆ ಗೆರೆ ಕಾಣುವಂತಿರಲಿಲ್ಲ. ನಾನೇ ಬೆರಳಿನಿಂದ ಹಚ್ಚಿದೆ. ಮೈಯೆಲ್ಲ ಅರಿಶಿನ, ತಲೆ ತುಂಬ ಹೂವು, ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಕಣ್ಣಿಗೆ ಕಾಡಿಗೆ ತೀಡುತ್ತಿರುವ ಮದುವಣಗಿತ್ತಿಯನ್ನು ನೋಡಲು ಓಣಿಗೆ ಓಣಿಯೇ ಸೇರಿತ್ತು. ಗೆರೆ ನೆಟ್ಟಗೆ ಬಂತು ಎಂದು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ.

ಶಾಸ್ತ್ರಗಳೆಲ್ಲ ಮುಗಿದು ಹೊರಡುವಾಗ ಮಧ್ಯಾಹ್ನ ಮೀರಿತು. ಹಿಂದಿನ ಸೀಟಿನಲ್ಲಿ ಅಜ್ಜಿ ಮತ್ತು ನಮ್ಮ ಸೋದರತ್ತೆ ನಾಗಮ್ಮ. ನಾಗಮ್ಮತ್ತೆಗೆ ಶಾಸ್ತ್ರ ಸಂಪ್ರದಾಯ ಎಂದರೆ ಪ್ರಾಣ. ನಾನು ಮುಂದೆ ಕೂತದ್ದೇ ಅವಳಿಗೆ ಸರಿಬರಲಿಲ್ಲ. ಹಿಂದೆ ಕೂತರೆ ವಾಂತಿ ಬರುತ್ತದೆ ಎಂದು ಸುಳ್ಳು ಹೇಳಿದೆ. ಗಾಡಿ ಹೊರಟಿತು, ಹಿಂದೆ ಲಾರಿ. ಊರ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ನಾನು ಅಳಲಿಲ್ಲ. ಅಳಲು ಪುರುಸೊತ್ತೆಲ್ಲಿ? ಬಸ್‌ಸ್ಟ್ಯಾಂಡಿನ ಮುಂದೆಯೇ ಎರಡು ಎತ್ತಿನಗಾಡಿ, ಒಂದು ಸೈಕಲ್ಲು. ಎಡಗೈ, ಬಲಗೈ, ಮತ್ತೆ ಎಡಗೈ.

“ಏನಲೇ ಅದು ಬಳಿ ಸಪ್ಪಳ?” ನಾಗಮ್ಮತ್ತೆ ಹಿಂದಿನಿಂದ. “ಮದುವಿ ಹುಡುಗಿ ಕೈ ಮಡಚಿಕೊಂಡು ಕೂಡಬೇಕು. ಮತ್ತ ತವರು ಬಿಟ್ಟು ಹೊಂಟೀದಿ, ಒಂದು ಹನಿ ನೀರು ಬರವಲ್ದಲ್ಲ ಕಣ್ಣಾಗ!”

“ಬರ್ತಾವ ಇರಬೇ ಅತ್ತಿ, ಕೊಟ್ಟೂರು ದಾಟ್ಲಿ,” ಅಂದೆ, ಕಣ್ಣು ರಸ್ತೆಯಿಂದ ಕೀಳದೆ.

ಕೊಟ್ಟೂರು ದಾಟುವಷ್ಟರಲ್ಲಿ ಹೊತ್ತು ಇಳಿಯಿತು. ಅಪ್ಪ ಲೈಟು ಹಾಕಿದ. ಒಂದು ಕಡೆ ಕುರಿ ಹಿಂಡು ಅಡ್ಡ ಬಂತು, ಎರಡೂ ಕೈ ಗಲಗಲ ಅಲ್ಲಾಡಿಸಿದೆ, ಗಾಡಿ ಗಕ್ಕನೆ ನಿಂತಿತು. ಅಜ್ಜಿ ಶಿವ ಶಿವಾ ಎಂದಳು. ಇನ್ನೊಂದು ಕಡೆ ಎದುರಿನಿಂದ ಬಸ್ಸು ಬಂತು, ಕಪ್ಪು ಇಲ್ಲದ ಪೂರ್ತಿ ಬೆಳಕು. ಅಪ್ಪನ ಮುಖದ ಮೇಲೆ ಅದು ಬಿದ್ದಾಗ ನಾನು ನೋಡಿದೆ. ಕಣ್ಣು ಅಗಲವಾಗಿ ತೆರೆದಿತ್ತು, ಏನೂ ಕಾಣುತ್ತಿರಲಿಲ್ಲ. ನನ್ನ ಕೈ ಬಳೆ ಅಲ್ಲಾಡಿಸುವುದನ್ನೂ ಮರೆತು ಅವನ ತೋಳನ್ನು ಹಿಡಿಯಿತು. ಅಪ್ಪ ಗಾಡಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, “ರೇಡಿಯೇಟರ್ ಸ್ವಲ್ಪ ಆರ್ಲಿ,” ಎಂದು ಹಿಂದಿನವರಿಗೆ ಹೇಳಿದ. ಬಸ್ಸು ಹೋದ ಎಷ್ಟೋ ಹೊತ್ತಿನ ಮೇಲೆ ಹೊರಟೆವು. ಅಲ್ಲಿಂದ ಮುಂದೆ ನಮ್ಮ ಕಾರು ಎತ್ತಿನಗಾಡಿಯ ನಡಿಗೆಯಲ್ಲೇ ಹೋಯಿತು. ಹಿಂದಿನ ಲಾರಿಯಲ್ಲಿ ರಹೀಮ್‌ಸಾಬರು ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ.

ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಹರಪನಹಳ್ಳಿ ಮುಟ್ಟಿದೆವು. ಗಂಡಿನ ಮನೆಯ ಮುಂದೆ ಆರತಿ ಹಿಡಿದು ನಿಂತ ಹೆಂಗಸರು ಕಾರು ನೋಡಿ ಆರತಿಯನ್ನು ಹಾಗೇ ಕೆಳಗಿಳಿಸಿದರು. ನಾನು ಇಳಿದು ನೋಡಿದೆ. ಲೈಟಿನ ಕಾವಿಗೆ ಹರಳೆಣ್ಣೆ ಕರಗಿ, ಕಾಡಿಗೆ ಇಳಿದು, ಎರಡೂ ಲೈಟಿನಿಂದ ಬಂಪರಿನ ತನಕ ಕರೀ ಧಾರೆ. ಕಾರು ದಾರಿಯುದ್ದಕ್ಕೂ ಬಿಕ್ಕಿ ಬಿಕ್ಕಿ ಅತ್ತುಕೊಂಡು ಬಂದ ಹಾಗಿತ್ತು.

ನಾಗಮ್ಮತ್ತೆಯ ಬುದ್ಧಿ ಅಂದು ಒಳ್ಳೇ ಹೊತ್ತಿಗೆ ಓಡಿತು. “ನಮ್ಮ ಹುಡುಗಿ ಬಾಳ ಗಟ್ಟಿಗಿತ್ತಿರಿ. ಅಳೂ ಕೆಲಸಾನ ಕಾರಿಗೆ ಒಪ್ಪಿಸಿಬಿಟ್ಟಾಳ!” ಅಂದಳು. ಹೆಂಗಸರೆಲ್ಲ ಹೋ ಎಂದು ನಕ್ಕರು. ಹಾಲಮ್ಮನೂ ನಕ್ಕಳು. ಆದರೆ ಯಾವ ಕಡೆ ನೋಡಿ ನಗಬೇಕೆಂದು ತಿಳಿಯದವಳ ಹಾಗೆ ಲಾರಿಯ ಕಡೆ ತಿರುಗಿದ್ದಳು. ನಾನು ಅದಕ್ಕೆ ಅರ್ಥ ಹುಡುಕಲು ಹೋಗಲಿಲ್ಲ, ನನಗೆ ಒಮ್ಮೆ ಒಳಗೆ ಹೋಗಿ ನೀರು ಕುಡಿದರೆ ಸಾಕಾಗಿತ್ತು.

ಮರುದಿನ ಮದುವೆ ಸಾಂಗವಾಗಿ ಆಯಿತು. ಧಾರೆಯ ಹೊತ್ತಿಗೆ ಅಪ್ಪ ಹಂದರದ ಕಂಬಕ್ಕೆ ಆತು ಗಂಡಸರ ನಡುವೆ ಕೂತಿದ್ದ. ಊಟ ಮುಗಿದ ಮೇಲೆ ಹಾಲಮ್ಮ ಅಪ್ಪನ ಹತ್ತಿರ ಬಂದು, “ಬೀಗ್ರ, ಹುಡುಗ ಹುಡುಗೀನ ನೀಲಗುಂದದ ಭೀಮೇಶ್ವರಗೆ ಕೈಮುಗಿಸ್ಕೊಂಡು ಬರ್ಬೇಕು. ನಿಮ್ಮ ಕಾರೈತಲ್ಲ, ನೀವೇ ಕರ್ಕೊಂಡು ಹೋಗ್ರಿ,” ಅಂದಳು.

ಅಪ್ಪ ಎದ್ದು ನಿಂತ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಇಲ್ರೀ ಬೀಗಿತಿ. ಇನ್ನು ನಾ ಗಾಡಿ ಮುಟ್ಟಂಗಿಲ್ಲ. ನನಗ ಕಣ್ಣು ಕಾಣಂಗಿಲ್ರಿ. ಎರಡು ವರ್ಷ ಆತು. ನಿನ್ನಿ ಸ್ಟೇರಿಂಗ್ ಹಿಡದಿದ್ದು ಅಷ್ಟ ನಾನು, ಗಾಡಿ ತಂದಾಕಿ ನನ್ನ ಮಗಳು. ನಿಮಗ ಮುಚ್ಚಿಟ್ಟು ಮದುವಿ ಮಾಡೀನಿ. ಸಿಟ್ಟಿದ್ರ ನನ್ನ ಮ್ಯಾಲಿರ್ಲಿ. ನಿಮ್ಮ ಮಗನ್ನ, ಸೊಸಿನ್ನ ಕೂಡಿಸ್ಕೊಂಡು ಇನ್ನೊಂದು ಸಲ ಆ ತಪ್ಪು ಮಾಡೂದಿಲ್ಲ.”

ರಹೀಮ್‌ಸಾಬರು ಹಿಂದಿನಿಂದ ಬಂದು ಅಪ್ಪನ ಕೈಯಿಂದ ಕೀಲಿ ತೆಗೆದುಕೊಂಡರು. “ನಾ ಓಡಸ್ತೀನಿ ಬಿಡೋ ಅಣ್ಣ. ನಿನ್ನೆ ಇಡೀ ದಾರಿ ನಿನ್ನ ಹಿಂದ ಖುದಾನ ನೆನೀತಾ ಬಂದೀನಿ,” ಅಂದರು. ನಾನು ಹಾಲಮ್ಮನ ಬಾಯಿಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದೆ. ಅವಳು ಅಪ್ಪನ ಹತ್ತಿರ ಬಂದಳು, ಇನ್ನೂ ಹತ್ತಿರ ಬಂದಳು, ನನ್ನನ್ನು ನೋಡಲು ಬಂದಾಗ ದಿಟ್ಟಿಸಿದ ಹಾಗೆಯೇ ಅವನ ಮುಖವನ್ನು ದಿಟ್ಟಿಸಿದಳು.

“ನಿಮಗ ಎರಡು ವರ್ಷನ? ನನಗ ಮೂರಾತ್ರಿ,” ಅಂದಳು ಮೆಲ್ಲಗೆ. “ಅತ್ತಿಗೆ ಕಣ್ಣಿಲ್ಲ ಅಂದ್ರ ಸೊಸಿ ತಲಿಮ್ಯಾಲೆ ಕೂತಾಳು ಅಂತ ಬಾಯಿ ಬಿಟ್ಟಿರ್ಲಿಲ್ಲ. ನಿಮ್ಮ ಹುಡುಗಿ ಮುಖ ನಾನು ಇನ್ನೂ ನೆಟ್ಟಗ ನೋಡಿಲ್ರಿ. ದನಿ ಚಲೋ ಐತಿ ಅಂತ ಒಪ್ಪಿಕೊಂಡೆ.”

ಮೊದಲು ನಕ್ಕವಳು ನಾನೇ. ಹೊಸ ಸೊಸೆ, ಎಲ್ಲರ ಮುಂದೆ, ಬಾಯಿ ತೆರೆದು. ನನ್ನ ಹಿಂದೆ ಹಂದರವೆಲ್ಲ ನಕ್ಕಿತು. ನಾಗಮ್ಮತ್ತೆ ಮಾತ್ರ ಹಣೆ ಹಣೆ ಬಡಿದುಕೊಂಡಳು.

ಮಳೆಗಾಲ ಕಳೆದ ಮೇಲೆ ಹೊಸಪೇಟೆಯಲ್ಲಿ ಕಣ್ಣಿನ ಕ್ಯಾಂಪು ನಡೆಯಿತು. ಬೀಗರಿಬ್ಬರೂ ಒಟ್ಟಿಗೆ ಹೋದರು. ರಹೀಮ್‌ಸಾಬರೇ ಕರೆದುಕೊಂಡು ಹೋದದ್ದು, ನೋಡಿಕೊಳ್ಳಲು ಜೊತೆಗೆ ನಾನು. ಒಂದೇ ದೊಡ್ಡ ಹಾಲ್, ನಡುವೆ ಒಂದು ಪರದೆ. ಈ ಕಡೆ ಗಂಡಸರು, ಆ ಕಡೆ ಹೆಂಗಸರು, ಎಲ್ಲರ ಕಣ್ಣಿಗೂ ಹಸಿರು ಬಟ್ಟೆ. ತಲೆ ಅಲ್ಲಾಡಿಸಬಾರದು, ಅಗಿಯಬಾರದು, ನಗಬಾರದು ಎಂದು ನರ್ಸಮ್ಮ ಕಟ್ಟುನಿಟ್ಟು ಮಾಡಿದ್ದಳು. ನಮ್ಮಪ್ಪ ಈ ಕಡೆಯಿಂದ ಹಗರಿಬೊಮ್ಮನಹಳ್ಳಿಯ ಮಿರ್ಚಿ ಭಜಿ ದೊಡ್ಡದು ಎನ್ನುವುದು, ನಮ್ಮತ್ತೆ ಹಾಲಮ್ಮ ಆ ಕಡೆಯಿಂದ ಹರಪನಹಳ್ಳಿಯ ಮಂಡಕ್ಕಿ ಒಗ್ಗರಣೆಯ ಮುಂದೆ ಅದು ಎಲ್ಲಿಯ ಲೆಕ್ಕ ಎನ್ನುವುದು. ನಡುವಿನ ಮಂಚಗಳವರೆಲ್ಲ ನಗು ತಡೆಯಲಾರದೆ ನರ್ಸಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದರು. ಗಂಜಿ ಕುಡಿಯುತ್ತ ಮಿರ್ಚಿಯ ಬಗ್ಗೆ ಜಗಳವಾಡಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ದಪ್ಪ ಗಾಜಿನ ಕನ್ನಡಕ ಬಂದದ್ದು ಒಂದೂವರೆ ತಿಂಗಳ ಮೇಲೆ. ಅತ್ತೆ ಕನ್ನಡಕ ಹಾಕಿಕೊಂಡು ಮೊದಲು ನನ್ನ ಮುಖ ನೋಡಿದಳು, ಆಮೇಲೆ ಅಡುಗೆಮನೆಯ ಗೋಡೆಯ ಮಸಿ ನೋಡಿದಳು. ಮುಖದ ಬಗ್ಗೆ ಏನೂ ಹೇಳಲಿಲ್ಲ, ಮಸಿಯ ಬಗ್ಗೆ ಎರಡು ದಿನ ಹೇಳಿದಳು.

ಅಪ್ಪ ಅದೇ ವಾರ ಬಸ್ಸಿನಲ್ಲಿ ಹರಪನಹಳ್ಳಿಗೆ ಬಂದ. ಕಾರನ್ನು ಆಗಲೇ ರಹೀಮ್‌ಸಾಬರ ತಮ್ಮ ಓಡಿಸತೊಡಗಿದ್ದ. ಬೆಳಗಿನ ಹತ್ತು ಗಂಟೆಯ ಬಿಸಿಲು, ಅಂಗಳದಲ್ಲಿ ನಾನು ಜೋಳ ಹಸನು ಮಾಡುತ್ತಿದ್ದೆ. ಬಂದು ಕಟ್ಟೆಯ ಮೇಲೆ ಕೂತ, ನೀರು ಕುಡಿದ, ಚಹಾ ಕುಡಿದ. ಲೋಟವನ್ನು ಒಂದೇ ಸಲಕ್ಕೆ ಹಿಡಿದದ್ದನ್ನು ನೋಡಿ ನನಗೆ ಖುಷಿಯಾಯಿತು. ಏನೋ ಹೇಳಬೇಕೆಂದು ಬಾಯಿ ತೆರೆಯುವುದು, ಮತ್ತೆ ಮಳೆ, ಬೆಳೆ ಎಂದು ಬೇರೆ ಮಾತಿಗೆ ಹೋಗುವುದು. ಕೊನೆಗೆ ಅತ್ತೆ ಒಳಗೆ ರೊಟ್ಟಿ ತಟ್ಟಲು ಹೋದ ಮೇಲೆ ಕೇಳಿದ.

“ಯವ್ವಾ, ಧಾರಿ ಹೊತ್ನಾಗ ಉಟ್ಟಿದ್ದಿಯಲ್ಲ, ಆ ಸೀರಿ ಐತೇನು?”

“ಟ್ರಂಕಿನಾಗೈತಿ. ಯಾಕಪ್ಪ?”

“ಒಂದು ಸಲ ಉಟ್ಕೊಂಡು ಬರ್ತೀಯೇನು?” ನೆಲ ನೋಡುತ್ತ ಹೇಳಿದ. “ಅವತ್ತು ನನಗ ನೀ ಕಾಣ್ಲಿಲ್ಲವ್ವ. ಎಲ್ಲಾರೂ ಬಾಳ ಚಂದ ಕಾಣ್ತಾಳ ಬಾಳ ಚಂದ ಕಾಣ್ತಾಳ ಅಂತಿದ್ರು. ನಾನೂ ಹ್ಞೂಂ ಹ್ಞೂಂ ಅಂದೆ.”

ನಾನು ಒಳಗೆ ಹೋದೆ. ಟ್ರಂಕು ತೆರೆದೆ. ದಿಬ್ಬಣ ಹೊರಟ ದಿನ ಬಾರದ ಅಳು ಆ ಟ್ರಂಕಿನ ಮುಂದೆ ಬಂತು. ನೆರಿಗೆ ಮೂರು ಸಲ ತಪ್ಪಿತು. ಹೂವಿಲ್ಲ, ಬಾಸಿಂಗವಿಲ್ಲ, ಕೈಗೆ ಹತ್ತಿದ ಜೋಳದ ಧೂಳು ಹಾಗೇ ಇತ್ತು. ಮುಖ ತೊಳೆದುಕೊಂಡು ಆ ಕುಂಕುಮ ಬಣ್ಣದ ರೇಷ್ಮೆ ಸೀರೆಯಲ್ಲಿ ಅಂಗಳದ ಬಿಸಿಲಿಗೆ ಹೋಗಿ ಅಪ್ಪನ ಮುಂದೆ ನಿಂತೆ.

ಅಪ್ಪ ಕನ್ನಡಕ ತೆಗೆದು ಟವೆಲಿನಿಂದ ಒರೆಸಿ ಹಾಕಿಕೊಂಡ. ನೋಡಿದ. ಮತ್ತೆ ತೆಗೆದು ಒರೆಸಿದ, ಈ ಸಲ ಗಾಜನ್ನಲ್ಲ. ಒಳಗಿಂದ ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಅಲ್ಲೇ ನಿಂತಳು. ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು.

“ಆತಲ್ಲಪ್ಪ, ಬದಲಾಯಿಸಿಕೊಂಡು ಬರ್ಲೇನು?” ಅಂದೆ.

“ಇನ್ನೊಂಚೂರು ನಿಂದ್ರವ್ವ,” ಅಂದ.